ಬ್ಯಾಕ್ಟೀರಿಯಾದ ಹೊರಪೊರೆಗೇ ಗುರಿ ಇಡಬೇಕಾ? ಪರ ಮತ್ತು ವಿರೋಧ

ಪ್ರಶ್ನೆ ಇಷ್ಟು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಹೊಸ ಆಂಟಿಬಯೋಟಿಕ್ ಹುಡುಕುವಾಗ, ಅವುಗಳ ಹೊರಪೊರೆಯಲ್ಲಿ ಪ್ರೋಟೀನ್ ಜೋಡಿಸುವ ಯಂತ್ರವನ್ನೇ ಮುಖ್ಯ ಗುರಿ ಮಾಡಿಕೊಳ್ಳಬೇಕಾ, ಬೇಡ್ವಾ? ಇದು ಎಲ್ಲೋ ದೂರದ ಲ್ಯಾಬಿನವರ ಜಗಳ ಅನ್ನಿಸಬಹುದು. ಆದರೆ ಚನ್ನರಾಯಪಟ್ಟಣದ ಕಡೆ ಹಸುವಿನ ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸುವವರು, ಹಾಸನದಲ್ಲಿ ಅಪ್ಪನ ಮೂತ್ರದ ಸೋಂಕಿಗೆ ಮತ್ತೆ ಮತ್ತೆ ಮಾತ್ರೆ ಬದಲಾಯಿಸಿಕೊಂಡು ಓಡಾಡುವವರು ಇದರ ಇನ್ನೊಂದು ತುದಿಯಲ್ಲಿದ್ದಾರೆ. ಎರಡೂ ವಾದ ನಾನೇ ಬರೆದಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಮುಚ್ಚಿಡಲು ಹೋಗಿಲ್ಲ.

ಪರ

ಮೊದಲು ಶತ್ರು ಯಾರು ಅಂತ ನೋಡೋಣ. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚುವ ಒಂದು ವಿಧಾನ ಪ್ರಕಟಿಸಿದರು. ಬಣ್ಣ ಉಳಿಸಿಕೊಂಡವು ಗ್ರಾಂ-ಪಾಸಿಟಿವ್, ಬಿಟ್ಟುಕೊಟ್ಟವು ಗ್ರಾಂ-ನೆಗೆಟಿವ್. ಇವತ್ತು ಐಸಿಯುಗಳಲ್ಲಿ ಡಾಕ್ಟರುಗಳ ನಿದ್ದೆ ಕೆಡಿಸುವ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್, ಸ್ಯೂಡೊಮೋನಾಸ್, ಇ. ಕೋಲಿ ಎಲ್ಲ ಎರಡನೇ ಗುಂಪಿನವು. ಇವಕ್ಕೆ ಒಳಪೊರೆಯ ಹೊರಗೆ ಇನ್ನೊಂದು ಪೊರೆ ಇದೆ. ಅದರ ಹೊರಮೈ ತುಂಬ ಎಲ್‌ಪಿಎಸ್ ಎಂಬ, ಕೊಬ್ಬು ಮತ್ತು ಸಕ್ಕರೆ ಸೇರಿದ ದಟ್ಟ ಪದರ. ವ್ಯಾಂಕೋಮೈಸಿನ್‌ನಂಥ ದೊಡ್ಡ ಔಷಧ ಇದನ್ನು ದಾಟುವುದೇ ಇಲ್ಲ. ದಾಟಿ ಬಂದ ಚಿಕ್ಕ ಔಷಧಗಳನ್ನು ಪಂಪುಗಳು ವಾಪಸ್ ತಳ್ಳುತ್ತವೆ. 1960ರ ದಶಕದ ಕ್ವಿನೋಲೋನ್‌ಗಳ ನಂತರ ಈ ಗುಂಪಿಗೆ ನಿಜವಾಗಿ ಹೊಸ ಬಗೆಯ ಔಷಧ ಬಂದೇ ಇಲ್ಲ ಅನ್ನಬಹುದು. ಬಂದಿದ್ದೆಲ್ಲ ಜಾಸ್ತಿ ಹಳೆಯದರ ತಮ್ಮ, ತಂಗಿ.

ಹಾಗಾದರೆ ಆ ಹೊರಪೊರೆಯನ್ನೇ ಕೆಡಿಸಿದರೆ?

ಅಲ್ಲಿ ಕೂರುವ ಪ್ರೋಟೀನುಗಳು ಅಲ್ಲೇ ತಯಾರಾಗುವುದಿಲ್ಲ. ಕೋಶದ ಒಳಗೆ ತಯಾರಾಗಿ, ಮಡಚಿಕೊಳ್ಳುವ ಮೊದಲೇ ಸೆಕ್ ಎಂಬ ದಾರಿಯಲ್ಲಿ ಒಳಪೊರೆ ದಾಟುತ್ತವೆ. ಇಲ್ಲಿಯವರೆಗೆ ಎಟಿಪಿ ಇಂಧನ ಸಿಗುತ್ತದೆ. ಎರಡು ಪೊರೆಗಳ ನಡುವಿನ ಜಾಗದಲ್ಲಿ ಎಟಿಪಿ ಇಲ್ಲ. ಅಲ್ಲಿ ಸರ್-ಎ ಥರದ ಸಹಾಯಕ ಪ್ರೋಟೀನುಗಳು ಇವು ಒಂದಕ್ಕೊಂದು ಅಂಟಿ ಗಂಟಾಗದಂತೆ ಹಿಡಿದುಕೊಂಡು ಹೊರಪೊರೆಯ ಹತ್ತಿರ ತಂದು ಬಿಡುತ್ತವೆ. ಅಲ್ಲಿ ಕಾಯುತ್ತಿರುವುದೇ ಬ್ಯಾಮ್, ಅಂದರೆ ಮೊದಲು ಹೇಳಿದ ಪ್ರೋಟೀನ್ ಜೋಡಿಸುವ ಯಂತ್ರ. ಇ. ಕೋಲಿಯಲ್ಲಿ ಇದಕ್ಕೆ 5 ಭಾಗ, ಎ ಇಂದ ಇ ವರೆಗೆ. ಬ್ಯಾಮ್-ಎ ಅನ್ನುವುದು 16 ಎಳೆಗಳು ಸುತ್ತಿ ನಿಂತ ಒಂದು ಕೊಳವೆ. ಮೊದಲನೇ ಮತ್ತು ಹದಿನಾರನೇ ಎಳೆಯ ನಡುವಿನ ಹೊಲಿಗೆ ಸಡಿಲ. ಅದು ಪಕ್ಕಕ್ಕೆ ತೆರೆದುಕೊಂಡು, ಹೊಸ ಪ್ರೋಟೀನಿನ ಎಳೆಗಳನ್ನು ಸೇರಿಸಿಕೊಳ್ಳುತ್ತಾ, ಪೂರ್ತಿ ಕೊಳವೆ ಆದ ಮೇಲೆ ಪೊರೆಯೊಳಗೆ ಬಿಡುತ್ತದೆ. ಯಾವ ಇಂಧನವೂ ಸುಡದೆ! ಎಷ್ಟು ಸಲ ಓದಿದರೂ ನನಗೆ ಇದು ಸೋಜಿಗವೇ.

ಬ್ಯಾಮ್-ಎ ಇಲ್ಲದೆ ಹೊರಪೊರೆ ಕಟ್ಟುವುದಕ್ಕೇ ಆಗಲ್ಲ ಅಂತ 2003ರಲ್ಲಿ ಮೆನಿಂಜೈಟಿಸ್ ಬ್ಯಾಕ್ಟೀರಿಯಾದಲ್ಲಿ ತೋರಿಸಿದರು. ಪೂರ್ತಿ ಯಂತ್ರದ ರಚನೆ ಕಂಡಿದ್ದು 2016ರಲ್ಲಿ. ಬ್ಯಾಮ್-ಎ, ಬ್ಯಾಮ್-ಡಿ ಇಲ್ಲದೆ ಇ. ಕೋಲಿ ಬದುಕುವುದಿಲ್ಲ.

ಈಗ ಲೆಕ್ಕ ಹಾಕಿ. ಔಷಧ ಹೊರಗೆ ತಳ್ಳುವ ಪಂಪಿನ ಹೊರಬಾಯಿ ಟಾಲ್-ಸಿ, ಅದನ್ನು ಕೂರಿಸುವುದು ಬ್ಯಾಮ್. ಎಲ್‌ಪಿಎಸ್ ಅನ್ನು ಹೊರಮೈಗೆ ಏರಿಸುವ ಎಲ್‌ಪಿಟಿ-ಡಿ, ಅದಕ್ಕೂ ಬ್ಯಾಮ್ ಬೇಕು. ಆಯುಧಗಳಿಗೂ ಅದೇ. ಗೊನೋರಿಯಾ ಬ್ಯಾಕ್ಟೀರಿಯಾ ನಮ್ಮ ಐಜಿಎ ಪ್ರತಿಕಾಯವನ್ನು ಕತ್ತರಿಸುವ ಒಂದು ಕಿಣ್ವ ಬಿಡುತ್ತದೆ. ಅದರ ಬಾಲವೇ ಪೊರೆಯಲ್ಲಿ ಕೊಳವೆಯಾಗಿ ಕೂತು ಉಳಿದ ಭಾಗವನ್ನು ಹೊರಗೆ ದಾಟಿಸುತ್ತದೆ, ಬೇರೆ ಯಾರ ಸಹಾಯವೂ ಬೇಡ ಅಂತ 1987ರಲ್ಲಿ ಅಂದುಕೊಂಡಿದ್ದರು. ಈ ಬಗೆಯವಕ್ಕೆ ಆಟೋಟ್ರಾನ್ಸ್‌ಪೋರ್ಟರ್, ಅಂದರೆ ತನ್ನನ್ನು ತಾನೇ ಸಾಗಿಸಿಕೊಳ್ಳುವುದು, ಅಂತಲೇ ಹೆಸರು ಬಂತು. ಆಮೇಲೆ ನೋಡಿದರೆ ಅವೂ ಬ್ಯಾಮ್ ಇಲ್ಲದೆ ಹೊರಡುವುದಿಲ್ಲ. ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಪರ್ಟ್ಯಾಕ್ಟಿನ್ ಕೂಡ ಇದೇ ಜಾತಿ. ಕೆಲವು ದೇಶಗಳಲ್ಲಿ ಪರ್ಟ್ಯಾಕ್ಟಿನ್ ಇರುವ ಲಸಿಕೆ ಕೊಡುತ್ತಾರೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಈಗ ಪರ್ಟ್ಯಾಕ್ಟಿನ್ನೇ ಇಲ್ಲದ ತಳಿಗಳು ಹಬ್ಬಿವೆ. ಅಂದರೆ ಬ್ಯಾಕ್ಟೀರಿಯಾಗೆ ಪರ್ಟ್ಯಾಕ್ಟಿನ್ ಬಿಟ್ಟುಕೊಟ್ಟು ಬದುಕಲು ಬರುತ್ತದೆ. ಬ್ಯಾಮ್-ಎ ಬಿಟ್ಟುಕೊಡಲು ಬರುವುದಿಲ್ಲ. ಗುರಿ ಇಡಬೇಕಾದ್ದು ಎಲ್ಲಿ ಅಂತ ಇಲ್ಲೇ ಗೊತ್ತಾಗುತ್ತಲ್ವಾ?

ಗುರಿ ಇಟ್ಟು ಹೊಡೆಯುವ ವಸ್ತುವೂ ಸಿಕ್ಕಿದೆ. ಸಕಲೇಶಪುರ, ಮೂಡಿಗೆರೆ ಕಡೆಯ ಅಡಿಕೆ ಬೆಳೆಗಾರರಿಗೆ ಗೊಣ್ಣೆಹುಳ ಕೊಲ್ಲುವ ಸಣ್ಣ ಜಂತುಗಳ ಬಗ್ಗೆ, ಅದೇ ಇಪಿಎನ್ ಬಗ್ಗೆ, ಗೊತ್ತಿರುತ್ತದೆ. ಅದರಲ್ಲಿ ಹೆಟೆರೊರ್ಯಾಬ್ಡೈಟಿಸ್ ಎಂಬ ಜಂತು ತನ್ನ ಹೊಟ್ಟೆಯಲ್ಲಿ ಫೋಟೊರ್ಯಾಬ್ಡಸ್ ಬ್ಯಾಕ್ಟೀರಿಯಾ ಇಟ್ಟುಕೊಂಡಿರುತ್ತದೆ. ಆ ಬ್ಯಾಕ್ಟೀರಿಯಾ ಕುಲದ ಒಂದು ಜಾತಿಯಿಂದ 2019ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ತಂಡ ಡರೊಬ್ಯಾಕ್ಟಿನ್ ತೆಗೆಯಿತು. 7 ಅಮೈನೋ ಆಮ್ಲಗಳ ಪುಟ್ಟ ವಸ್ತು. ಜಿಪ್ಪಿನ ಬಾಯಿಗೆ ಬಟ್ಟೆ ಸಿಕ್ಕಿಕೊಂಡ ಹಾಗೆ ಬ್ಯಾಮ್-ಎ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಪೊರೆ ದಾಟುವ ಕೆಲಸವೇ ಇಲ್ಲ. ಇಲಿಗಳಲ್ಲಿ ಸೋಂಕು ವಾಸಿ ಮಾಡಿತು. ಪ್ರತಿರೋಧ ಬೆಳೆಸಿಕೊಂಡ ಇ. ಕೋಲಿ ಲ್ಯಾಬಿನಲ್ಲಿ ಸಿಕ್ಕಿದ್ದು ನಿಜ, ಆದರೆ ಅವಕ್ಕೆ ಇಲಿಗೆ ಕಾಯಿಲೆ ತರಿಸುವ ಶಕ್ತಿಯೇ ಹೋಗಿತ್ತು. ಇದಕ್ಕಿಂತ ಒಳ್ಳೆ ಗುರಿ ಬೇರೆ ಎಲ್ಲಿದೆ, ಹೇಳಿ.

ವಿರೋಧ

ಯಂತ್ರ ಚೆನ್ನಾಗಿದೆ, ಒಪ್ಪೋಣ. ಚೆನ್ನಾಗಿದೆ ಅನ್ನುವ ಕಾರಣಕ್ಕೇ ದುಡ್ಡು, ತಲೆ ಎರಡನ್ನೂ ಅಲ್ಲೇ ಸುರಿಯಬೇಕಾ?

2019ರ ಸಂಭ್ರಮದ ಪಕ್ಕದಲ್ಲೇ 2019ರ ಇನ್ನೊಂದು ಸುದ್ದಿಯಿದೆ. ಸ್ಯೂಡೊಮೋನಾಸ್‌ನ ಎಲ್‌ಪಿಟಿ-ಡಿ ಮೇಲೆ ಗುರಿ ಇಟ್ಟಿದ್ದ ಮುರೆಪಾವಡಿನ್ ಎಂಬ ಔಷಧ ಮೂರನೇ ಹಂತದ ಮನುಷ್ಯ ಪರೀಕ್ಷೆಯವರೆಗೆ ಬಂದಿತ್ತು. ರೋಗಿಗಳ ಕಿಡ್ನಿಗೆ ಪೆಟ್ಟಾಗತೊಡಗಿದ್ದರಿಂದ ನಿಲ್ಲಿಸಿದರು. ಅದರ ಹಿಂದಿನ ವರ್ಷ ಜೆನೆನ್‌ಟೆಕ್ ಕಂಪನಿಯವರು ಬ್ಯಾಮ್-ಎಗೇ ಅಂಟಿ ಇ. ಕೋಲಿ ಕೊಲ್ಲುವ ಪ್ರತಿಕಾಯ ತೋರಿಸಿದ್ದರು. ಎಲ್ಲಿ ಕೊಂದಿತು? ಎಲ್‌ಪಿಎಸ್ ಮೋಟು ಮಾಡಿದ್ದ ಲ್ಯಾಬ್ ತಳಿಯಲ್ಲಿ. ಪೂರ್ತಿ ಎಲ್‌ಪಿಎಸ್ ಇದ್ದರೆ ಪ್ರತಿಕಾಯ ಬ್ಯಾಮ್-ಎ ಹತ್ತಿರಕ್ಕೇ ಹೋಗಲು ಆಗಲಿಲ್ಲ. ಯಂತ್ರ ಹೊರಪೊರೆಯಲ್ಲೇ ಇದೆ, ಒಳಪೊರೆ ದಾಟುವ ಕೆಲಸವೇ ಇಲ್ಲ ಅನ್ನುವ ಪರ ವಾದವನ್ನು ಸ್ವಲ್ಪ ಅಳೆದು ತೂಗಿ ಹೇಳಬೇಕು. ಡರೊಬ್ಯಾಕ್ಟಿನ್ ಇಲಿಯಲ್ಲಿ ಗೆದ್ದಿದೆ, ಔಷಧದಂಗಡಿಗೆ ಇನ್ನೂ ಬಂದಿಲ್ಲ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತವುಗಳ ಪಟ್ಟಿ ಉದ್ದ ಇದೆ.

ಇನ್ನು ನಮ್ಮ ಊರಿಗೆ ಬನ್ನಿ. ಹಾಸನ ಹಾಲಿನ ಜಿಲ್ಲೆ. ಕೆಚ್ಚಲು ಬಾವು ಬಂದರೆ ಬೆಳಿಗ್ಗೆಯೇ ಡೇರಿಗೆ ಹಾಲು ಹಾಕುವ ಹಾಗಿಲ್ಲ, ಹಾಗಾಗಿ ರೈತ ಕಾಯುವುದಿಲ್ಲ, ಕಾಯಿ ಅಂತ ಹೇಳುವ ಹಕ್ಕೂ ನಮಗಿಲ್ಲ. ಬೆರಳಿಗೆ ಸಿಕ್ಕಿದ ಆಂಟಿಬಯೋಟಿಕ್ ಟ್ಯೂಬ್ ಮೊಲೆಗೆ ಏರುತ್ತದೆ. ಆ ಬಾವು ಇ. ಕೋಲಿಯಿಂದ ಬಂದಿರಬಹುದು, ಸ್ಟ್ಯಾಫಿಲೊಕಾಕಸ್ ಆರಿಯಸ್‌ನಿಂದಲೂ ಬಂದಿರಬಹುದು. ಎರಡನೆಯದು ಗ್ರಾಂ-ಪಾಸಿಟಿವ್. ಅದಕ್ಕೆ ಹೊರಪೊರೆಯೇ ಇಲ್ಲ, ಬ್ಯಾಮೂ ಇಲ್ಲ. ನಾಳೆ ಬ್ಯಾಮ್ ನಿಲ್ಲಿಸುವ ಔಷಧ ಬಂದು, ಹಸುವಿಗೂ ಕೊಡಬಹುದು ಅಂತಾಗಿ, ಯಾವ ಬ್ಯಾಕ್ಟೀರಿಯಾ ಅಂತ ನೋಡದೆ ಅದನ್ನೂ ಸುಮ್ನೆ ಏರಿಸಿದರೆ, ಸ್ಟ್ಯಾಫ್ ಇರುವ ಹಸುವಿಗೆ ಅದು ನೀರಿಗೆ ಸಮ. ಅಷ್ಟೇ ಆದರೆ ಪರವಾಗಿಲ್ಲ. ಹಸುವಿನ ಮೈಯಲ್ಲೂ ಕೊಟ್ಟಿಗೆಯಲ್ಲೂ ಇರುವ ಇ. ಕೋಲಿಗಳಿಗೆ ಆ ಔಷಧದ ರುಚಿ ತೋರಿಸಿದಂತಾಗುತ್ತದೆ. ಕೆಚ್ಚಲು ಬಾವು ಇದೆಯಾ ಇಲ್ಲವಾ ಅಂತ ಹೇಳುವ ಸಿಎಂಟಿ ಪರೀಕ್ಷೆ ಕೊಟ್ಟಿಗೆಯಲ್ಲೇ ಮಾಡಬಹುದು, ಒಳ್ಳೆಯದೇ. ಅದು ಬ್ಯಾಕ್ಟೀರಿಯಾ ಯಾವುದು ಅಂತ ಹೇಳುವುದಿಲ್ಲ. ಅದಕ್ಕೆ ಕಲ್ಚರ್ ಆಗಬೇಕು, ಅಂದರೆ ಹಾಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು.

ಕೋಲಿಸ್ಟಿನ್ ಕಥೆ ಇದನ್ನೇ ಹೇಳುತ್ತದೆ. ಅದೂ ಗ್ರಾಂ-ನೆಗೆಟಿವ್‌ಗಳ ಹೊರಪೊರೆಯನ್ನೇ ಒಡೆಯುವ ಔಷಧ, ಐಸಿಯುವಿನಲ್ಲಿ ಕೊನೆಯ ಆಸರೆ. ಅದನ್ನು ಕೋಳಿಗಳ ಆಹಾರಕ್ಕೆ ಬೆರೆಸುತ್ತಿದ್ದರು, ಬೇಗ ತೂಕ ಬರಲಿ ಅಂತ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಎಂಸಿಆರ್-1 ಎಂಬ ಪ್ರತಿರೋಧದ ಜೀನ್ 2015ರಲ್ಲಿ ಚೀನಾದಿಂದ ವರದಿಯಾಯಿತು. ನಮ್ಮ ದೇಶ ಸಾಕುಪ್ರಾಣಿಗಳಿಗೆ ಕೋಲಿಸ್ಟಿನ್ ನಿಷೇಧಿಸಿದ್ದು 2019ರಲ್ಲಿ. ಹೊರಪೊರೆ ಒಳ್ಳೆ ಗುರಿ ಅಂತ ಆಗಲೂ ಗೊತ್ತಿತ್ತು. ಗುರಿ ಕೆಟ್ಟದಾಗಿರಲಿಲ್ಲ. ನಾವು ಬಳಸಿದ ರೀತಿ ಕೆಟ್ಟದಾಗಿತ್ತು.

ದುಡ್ಡಿನ ಮಾತು. ಅಮೆರಿಕದ ಅಕಾವೋಜನ್ ಕಂಪನಿ ಪ್ಲಾಜೋಮೈಸಿನ್ ಎಂಬ ಔಷಧಕ್ಕೆ 2018ರಲ್ಲಿ ಅನುಮತಿ ಪಡೆಯಿತು, 2019ರಲ್ಲಿ ದಿವಾಳಿಯಾಯಿತು. ಹೊಸ ಆಂಟಿಬಯೋಟಿಕ್ ಅನ್ನು ವೈದ್ಯರು ಎತ್ತಿಟ್ಟು, ಕಡಿಮೆ ಬಳಸಬೇಕು. ಕಡಿಮೆ ಬಳಸಿದರೆ ಕಂಪನಿಗೆ ಮಾರಾಟ ಇಲ್ಲ. ಬ್ಯಾಮ್‌ಗೆ ಔಷಧ ಮಾಡುವವರಿಗೂ ಇದೇ ಗತಿ ಕಾದಿದೆ.

ಹಾಗಂತ ಫೋಟೊರ್ಯಾಬ್ಡಸ್ ಹಿಂದೆ ಬಿದ್ದವರನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅವರು ಮಾಡಲಿ, ಹತ್ತು ಕಡೆ ಮಾಡಲಿ. ನನ್ನ ತಕರಾರು ಇರುವುದು ಮುಖ್ಯ ಗುರಿ ಅನ್ನುವ ಮಾತಿಗೆ. ನನ್ನ ಕೈಗೆ ದುಡ್ಡು ಕೊಟ್ಟು ಖರ್ಚು ಮಾಡು ಅಂದರೆ, ಅರಸೀಕೆರೆ, ಬೇಲೂರು, ಹೊಳೆನರಸೀಪುರದ ರೈತ ಬೆಳಿಗ್ಗೆ ಹಾಲಿನ ಮಾದರಿ ಕೊಟ್ಟರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಎರಡು ಮೂರು ದಿನದಲ್ಲಿ ಫೋನಿಗೆ ತಿಳಿಸುವ ಕಲ್ಚರ್ ಲ್ಯಾಬ್ ತಾಲೂಕಿಗೊಂದು ಮೊದಲು ಮಾಡುತ್ತೇನೆ. ಅದೇ ಲ್ಯಾಬಿನಲ್ಲಿ ಮನುಷ್ಯರ ಮೂತ್ರದ ಮಾದರಿ ನೋಡಲು ಬೇರೆ ಕೋಣೆ, ಬೇರೆ ಟೆಕ್ನಿಷಿಯನ್. ಉಳಿದ ದುಡ್ಡು ಬ್ಯಾಮ್‌ಗೆ.