ತೂಕ ಇಳಿಸುವ ಚುಚ್ಚುಮದ್ದು: ಟಿರ್ಜೆಪಟೈಡನ್ನೇ ಮೊದಲು ಆರಿಸಬೇಕೇ?

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯವರು ಸ್ವಲ್ಪ ದೊಡ್ಡ ಕಾಯಿಲೆಯೆಂದರೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ಹಳೆಯ ವಾಡಿಕೆ. ಈಚೆಗೆ ಅಲ್ಲಿಂದ ತರುವ ಚೀಟಿಗಳಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಎರಡು ಔಷಧಗಳು ಕಾಣಿಸತೊಡಗಿವೆ. ಒಂದು ಮೌಂಜಾರೋ ಎಂಬ ಹೆಸರಿನಲ್ಲಿ ಬರುವ ಟಿರ್ಜೆಪಟೈಡ್; ಇನ್ನೊಂದು ವೆಗೋವಿ ಎಂಬ ಹೆಸರಿನ ಸೆಮಗ್ಲುಟೈಡ್. ಎರಡರಲ್ಲಿ ಯಾವುದಾದರೂ ಆದೀತೆಂದು ವೈದ್ಯರು ಹೇಳಿದಾಗ ಮೊದಲನೆಯದನ್ನೇ ಆರಿಸುವುದು ಸರಿಯೇ?

ಪರ

ಸರಿ. ಉಂಡಾಗ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನು ಮಿದುಳಿಗೆ ‘ಸಾಕು’ ಎಂಬ ಸೂಚನೆ ಕೊಡುತ್ತದೆ, ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ. ಸೆಮಗ್ಲುಟೈಡ್ ಅನುಕರಿಸುವುದು ಇದೊಂದನ್ನೇ. ಟಿರ್ಜೆಪಟೈಡ್ ಜಿಐಪಿ ಎಂಬ ಮತ್ತೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. 2025ರಲ್ಲಿ ಪ್ರಕಟವಾದ ಸರ್ಮೌಂಟ್-5 ಪರೀಕ್ಷೆ, ಬೊಜ್ಜಿದ್ದೂ ಮಧುಮೇಹವಿಲ್ಲದ 751 ಮಂದಿಯಲ್ಲಿ ಇವೆರಡನ್ನೂ ನೇರವಾಗಿ ಹೋಲಿಸಿತು. 72 ವಾರಗಳ ಕೊನೆಗೆ ಟಿರ್ಜೆಪಟೈಡ್ ಪಡೆದವರ ತೂಕ ಸರಾಸರಿ ಶೇ. 20.2ರಷ್ಟು, ಸೆಮಗ್ಲುಟೈಡ್ ಪಡೆದವರದು ಶೇ. 13.7ರಷ್ಟು ಇಳಿದಿತ್ತು. ನೂರು ಕಿಲೋ ತೂಗುವವರಿಗೆ ಇದು ಆರೂವರೆ ಕಿಲೋ ವ್ಯತ್ಯಾಸ. ದಿನಕ್ಕೆರಡು ಸಲ ಅಡಿಕೆ ತೋಟದ ಏರು ಹತ್ತಿ ಬರುವ ಮೊಣಕಾಲಿಗೆ ಇದೆಷ್ಟು ದೊಡ್ಡದೆಂದು ಇಲ್ಲಿಯವರಿಗೆ ವಿವರಿಸಬೇಕಿಲ್ಲ.

ಹೆಚ್ಚು ಪ್ರಬಲವಾದದ್ದು ಹೆಚ್ಚು ಕಾಟ ಕೊಡುತ್ತದೆಂಬ ಭಯವನ್ನೂ ಆ ಪರೀಕ್ಷೆ ಸಮರ್ಥಿಸುವುದಿಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ ಎರಡರಲ್ಲೂ ಇವೆ, ಆದರೆ ಹೊಟ್ಟೆಯ ತೊಂದರೆಯಿಂದ ಔಷಧ ಬಿಟ್ಟವರು ಟಿರ್ಜೆಪಟೈಡ್ ಗುಂಪಿನಲ್ಲೇ ಕಡಿಮೆ. ಗೊರಕೆಯೊಡನೆ ಉಸಿರುಕಟ್ಟುವ ನಿದ್ರಾರೋಗಕ್ಕೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದದ್ದೂ ಇದೇ.

ವಿರೋಧ

ತೂಕದ ಯಂತ್ರ ತೋರಿಸುವ ಅಂಕಿಯೇ ಔಷಧದ ಗುರಿಯೆಂದು ಒಪ್ಪಿದರೆ ಮಾತ್ರ ಮೇಲಿನ ವಾದ ನಿಲ್ಲುತ್ತದೆ. ಆ ಹೋಲಿಕೆಯ ಪರೀಕ್ಷೆಗೆ ಹಣ ಹಾಕಿದ್ದು ಟಿರ್ಜೆಪಟೈಡ್ ತಯಾರಿಸುವ ಎಲಿ ಲಿಲ್ಲಿ ಕಂಪೆನಿ. ಯಾರಿಗೆ ಯಾವ ಔಷಧ ಸಿಕ್ಕಿತೆಂಬುದು ಪಾಲ್ಗೊಂಡವರಿಗೂ ಗೊತ್ತಿತ್ತು. ಇದರಿಂದ ಫಲಿತಾಂಶ ಸುಳ್ಳಾಗದು, ಆದರೆ ಅದೊಂದನ್ನೇ ನೆಚ್ಚಿ ತೀರ್ಮಾನಿಸುವುದು ಅವಸರ. ಈಗಾಗಲೇ ಹೃದ್ರೋಗವಿರುವ, ಮಧುಮೇಹವಿಲ್ಲದ, ತೂಕ ಹೆಚ್ಚಿರುವ 17,604 ಮಂದಿಯಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸೆಲೆಕ್ಟ್ ಪರೀಕ್ಷೆಯಲ್ಲಿ ಸೆಮಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಇವುಗಳ ಒಟ್ಟು ಅಪಾಯವನ್ನು ಶೇ. 20ರಷ್ಟು ತಗ್ಗಿಸಿತು. ಟಿರ್ಜೆಪಟೈಡಿನ ಹೃದಯದ ದೊಡ್ಡ ಪರೀಕ್ಷೆ ನಡೆದದ್ದು ಮಧುಮೇಹಿಗಳಲ್ಲಿ, ಅದೂ ಡುಲಾಗ್ಲುಟೈಡ್ ಎಂಬ ಇನ್ನೊಂದು ಔಷಧಕ್ಕೆ ಹೋಲಿಸಿ. ಸ್ಟೆಂಟ್ ಹಾಕಿಸಿಕೊಂಡು ಬಂದವರಿಗೆ ಆರೂವರೆ ಕಿಲೋಗಿಂತ ಈ ಭೇದವೇ ಮುಖ್ಯ.

ಇನ್ನು ದುಡ್ಡು. ಸೆಮಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತು. ಟಿರ್ಜೆಪಟೈಡ್ ಬಿಟ್ಟರೂ ತೂಕ ಮರಳುತ್ತದೆ. ಹಾಗಾಗಿ ಲೆಕ್ಕ ಹಾಕಬೇಕಾದದ್ದು ಮೊದಲ ತಿಂಗಳ ಖರ್ಚನ್ನಲ್ಲ, ಹತ್ತು ವರ್ಷಗಳದ್ದನ್ನು. 2025ರ ಮಾರ್ಚ್‌ನಲ್ಲಿ ಮೌಂಜಾರೋ ಭಾರತಕ್ಕೆ ಬಂದಾಗ 5 ಮಿಲಿಗ್ರಾಂನ ಒಂದು ಸೀಸೆಗೆ 4,375 ರೂಪಾಯಿ. ವಾರಕ್ಕೊಂದರಂತೆ ನಾಲ್ಕು ವಾರಕ್ಕೆ 17,500. ಅಡಿಕೆಗೆ ಮಹಾಳಿ ಬಂದ ವರ್ಷ ಇದನ್ನು ಯಾವ ಲೆಕ್ಕದಲ್ಲಿ ಬರೆಯುವುದು? ಸೆಮಗ್ಲುಟೈಡಿನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಇಲ್ಲಿಯ ಕಂಪೆನಿಗಳ ಅಗ್ಗದ ಜೆನೆರಿಕ್‌ಗೆ ದಾರಿಯಾಗುವುದು ಅಲ್ಲಿಂದಲೇ. ಮಧ್ಯದಲ್ಲೇ ಕೈಬಿಡಬೇಕಾಗುವ ಬಲವಾದ ಮದ್ದಿಗಿಂತ ಕೊನೆಯವರೆಗೆ ಕೊಳ್ಳಬಲ್ಲ ಮದ್ದು ಮೇಲು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದ್ದನ್ನು ಕಂಡವರು, 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾದ ಮದ್ದು ಕಾಸರಗೋಡಿನ ಅಂಗಡಿಯಲ್ಲೇ ಸಿಗುವುದೇ ಎಂದು ಮೊದಲು ವಿಚಾರಿಸಿಯಾರು.

ಮಹಿಳೆಯರು ಕೇಳಲು ಸಂಕೋಚಪಡುವ ಸಂಗತಿಯೊಂದಿದೆ. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಕುಗ್ಗಿಸಬಹುದಾದ್ದರಿಂದ, ಆರಂಭಿಸಿದಾಗಲೂ ಪ್ರತಿಸಲ ಪ್ರಮಾಣ ಏರಿಸಿದಾಗಲೂ ನಾಲ್ಕು ವಾರ ಬೇರೆ ಉಪಾಯ ಬೇಕು. ಸೆಮಗ್ಲುಟೈಡಿಗೆ ಈ ಎಚ್ಚರಿಕೆ ಇಲ್ಲ. ಗಂಡನೋ ಮಗನೋ ಚೀಟಿ ಹಿಡಿದುಕೊಂಡು ಹೋಗಿ ಮದ್ದು ತರುವ ಮನೆಗಳಲ್ಲಿ ಈ ಮಾತು ಆಕೆಯ ಕಿವಿಗೆ ಬೀಳುವುದೇ ಇಲ್ಲ.