ಸತ್ಯಾಂಶ: ಟೆಕ್ ಷೇರು ಏರಿದರೆ ಕಾಲ್ ಆಪ್ಷನ್‌ನಲ್ಲಿ ಲಾಭ ಖಚಿತವೇ?

ಮಡಿಕೇರಿ, ಕುಶಾಲನಗರ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಫಿ, ಮೆಣಸಿನ ದರದ ಜೊತೆಗೆ ಈ ಸಂದೇಶವೂ ಬರುತ್ತಿದೆ: ‘ಓಡುತ್ತಿರುವ ಟೆಕ್ ಷೇರಿನ ಕಾಲ್ ಆಪ್ಷನ್ ಕೊಳ್ಳಿ. ನಷ್ಟಕ್ಕೆ ಮಿತಿಯಿದೆ, ಲಾಭಕ್ಕಿಲ್ಲ.’

ಕಾಲ್ ಆಪ್ಷನ್ ಎಂದರೆ ಷೇರನ್ನು ಒಂದು ಗೊತ್ತಾದ ದಿನ (ವಾಯಿದೆ), ಮೊದಲೇ ನಿಗದಿಯಾದ ಬೆಲೆಗೆ ಕೊಳ್ಳುವ ಹಕ್ಕು. ಆ ಹಕ್ಕಿಗೆ ಕೊಡುವ ಹಣವೇ ಪ್ರೀಮಿಯಂ. ಸಂದೇಶ ಅರ್ಧ ನಿಜ. ಮಿತಿ ಎಂದರೆ ಕಟ್ಟಿದ ಪ್ರೀಮಿಯಂ ಪೂರ್ತಿ ಹೋಗುವುದು, ಅಷ್ಟೇ.

ಷೇರು 1,000 ರೂಪಾಯಿಯಲ್ಲಿದೆ ಎನ್ನಿ. ಅದನ್ನು 1,050ಕ್ಕೆ ಕೊಳ್ಳುವ ಕಾಲ್‌ಗೆ ಷೇರೊಂದಕ್ಕೆ 40 ರೂಪಾಯಿ ಪ್ರೀಮಿಯಂ ಕೊಟ್ಟಿರಿ. ವಾಯಿದೆ ದಿನ ಷೇರು 1,060ಕ್ಕೆ ನಿಂತಿತು. ಶೇ 6 ಏರಿಕೆ! ಆದರೆ ನಿಮ್ಮ ಕಾಲ್‌ನ ಬೆಲೆ 10 ರೂಪಾಯಿ. ಹಾಕಿದ್ದರಲ್ಲಿ ಮುಕ್ಕಾಲು ಪಾಲು ಹೋಯಿತು. ವಾಯಿದೆವರೆಗೆ ಇಟ್ಟುಕೊಂಡರೆ, ಆ ದಿನ ಷೇರು 1,090 (1,050 ಮತ್ತು ಪ್ರೀಮಿಯಂ 40) ದಾಟಿದ್ದರಷ್ಟೇ ಲಾಭ. ಹೂಮಳೆ ಬಂದರೆ ಸಾಲದು, ಹೊತ್ತಿಗೆ ಬರಬೇಕು ಎಂಬುದು ತೋಟದವರಿಗೆ ಹೇಳಿಕೊಡಬೇಕೇ?

ಷೇರು ಜಿಗಿಯುತ್ತಿರುವಾಗ ಪ್ರೀಮಿಯಂ ಕೂಡ ಹಲವೊಮ್ಮೆ ಉಬ್ಬಿರುತ್ತದೆ. ಕಂಪನಿಯ ಫಲಿತಾಂಶ ಹೊರಬಿದ್ದು ಅನಿಶ್ಚಿತತೆ ಕರಗಿದರೆ, ಷೇರು ಏರಿದರೂ ಆಪ್ಷನ್ ಬೆಲೆ ಇಳಿಯಬಹುದು.

ಸಂದೇಶ ಹೇಳದ ಇನ್ನೊಂದು ವಿಷಯ: ನಮ್ಮಲ್ಲಿ ಷೇರಿನ ಕಾಲ್ ಅನ್ನು ವಾಯಿದೆವರೆಗೆ ಇಟ್ಟುಕೊಂಡು, ಆ ದಿನ ಷೇರು ನಿಗದಿತ ಬೆಲೆಗಿಂತ ಮೇಲಿದ್ದರೆ, ಹಣ ಕೊಟ್ಟು ಷೇರನ್ನೇ ಪಡೆಯಬೇಕು. ಲಾಟ್ (ಆಪ್ಷನ್ ಮಾರಾಟವಾಗುವ ಷೇರುಗಳ ಕಂತೆ) 500 ಷೇರಿನದಾದರೆ, ಮೇಲಿನ ಲೆಕ್ಕದಲ್ಲಿ 5,25,000 ರೂಪಾಯಿ ಹೊಂದಿಸಬೇಕು.

ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಕಂಡಿದ್ದಾರೆ. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ, ವಹಿವಾಟು ವೆಚ್ಚ ಸೇರಿ.