ಯಾವ ಎಣ್ಣೆ ಎಂದು ಕೇಳಬೇಡಿ

ನಿನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಕಂಡದ್ದನ್ನು ಇನ್ನೂ ನುಂಗಿಕೊಳ್ಳಲು ಆಗುತ್ತಿಲ್ಲ. ಎಂಟನೆಯ ತರಗತಿಯ ಹುಡುಗಿ. ಬೈತಲೆಯ ಎಡಕ್ಕೆ ಅಂಗೈಯಗಲದ ಜಾಗದಲ್ಲಿ ಹೊಸ ಕೂದಲು ಒಂದು ಗೆಣ್ಣಿನಷ್ಟು ಬೆಳೆದು, ಕೊಯ್ದ ಗದ್ದೆಯಲ್ಲಿ ಕೂಳೆ ಚಿಗುರಿದ ಹಾಗೆ ನೆಟ್ಟಗೆ ನಿಂತಿತ್ತು. ಮನೆಯ ಹಿರಿಯರೊಬ್ಬರು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ಎಲ್ಲರೆದುರು ಅದನ್ನು ಒತ್ತಿ ಒತ್ತಿ ಕೂರಿಸಿದರು. "ತಿರುಪತಿಗೆ ಕರೆದುಕೊಂಡು ಹೋಗಿ ಮುಡಿ ಕೊಡಿಸಿಬಿಡಿ, ಒಂದೇ ಸಮ ದಟ್ಟವಾಗಿ ಬರುತ್ತದೆ" ಎಂದು ತಾಯಿಗೆ ಅಪ್ಪಣೆಯೂ ಆಯಿತು. ಹುಡುಗಿಯ ಒಂದು ಕೈಯಲ್ಲಿ ಪಾಯಸದ ಲೋಟ. ಇನ್ನೊಂದು ಕೈ ಬಿಗಿಯಾಗಿ ಮುಷ್ಟಿ ಕಟ್ಟಿತ್ತು.

ಆ ಮುಷ್ಟಿಯ ಅರ್ಥ ನನಗೆ ಗೊತ್ತು. ಹಳೆಯ ಗೆಳೆಯರಿಗೆ ನನ್ನ ಕಥೆ ಹೊಸದಲ್ಲ. ಶಾಲೆಯ ದಿನಗಳಿಂದ ಕೆಲಸಕ್ಕೆ ಸೇರಿದ ಮೇಲೂ ನಾನು ನನ್ನ ಕೂದಲನ್ನು ನಾನೇ ಕೀಳುತ್ತಿದ್ದೆ. ಓದುವಾಗ, ಟಿವಿ ನೋಡುವಾಗ, ನಿದ್ದೆ ಬಾರದಿರುವಾಗ ಬೆರಳು ತಾನಾಗಿ ಮೇಲೇರುತ್ತಿತ್ತು. ನಯವಾದ ಕೂದಲು ಅದಕ್ಕೆ ಬೇಡ. ಒರಟಾಗಿ ಸುರುಳಿಬಿದ್ದ ಒಂದೇ ಎಳೆಯನ್ನು ಹುಡುಕಿ, ಬುಡದಿಂದ ಎಳೆದು, ತುದಿಯಲ್ಲಿ ಅಂಟಿದ ಬಿಳಿಯ ಪುಟ್ಟ ಗಡ್ಡೆಯನ್ನು ನೋಡಿದಾಗ ಒಂದು ಕ್ಷಣ ನೆಮ್ಮದಿ. ಆಮೇಲೆ ದಿಂಬಿನ ಪಕ್ಕ ಬಿದ್ದ ಕೂದಲನ್ನು ಯಾರಿಗೂ ಕಾಣದಂತೆ ಗುಡಿಸುವ ಕೆಲಸ.

ಇದಕ್ಕೆ ಟ್ರೈಕೋಟಿಲೋಮೇನಿಯಾ ಎಂಬ ಹೆಸರನ್ನು ಫ್ರಾನ್ಸಿನ ಚರ್ಮವೈದ್ಯ ಹಾಲೊಪೋ 1889ರಲ್ಲಿಯೇ ಕೊಟ್ಟಿದ್ದಾರೆ. ಹತ್ತರಿಂದ ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ ಇದು ಶುರುವಾಗುವುದು ಹೆಚ್ಚು. ಇಷ್ಟು ಹಳೆಯ, ಇಷ್ಟು ಮಕ್ಕಳನ್ನು ಕಾಡುವ ತೊಂದರೆಗೆ ನಮ್ಮ ಮನೆಗಳಲ್ಲಿ ಇಂದಿಗೂ ಸಿಗುವ ಉತ್ತರ ಎಣ್ಣೆ, ಈರುಳ್ಳಿ ರಸ, ದಾಸವಾಳದ ಸೊಪ್ಪು. ಎಲ್ಲರಿಗೂ ಕೂದಲಿನದೇ ಚಿಂತೆ. ಕೈಯ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ನನ್ನ ತಲೆ ತುಂಬಿಕೊಳ್ಳತೊಡಗಿದಾಗಲೂ ಹೀಗೆಯೇ ಆಯಿತು. "ಯಾವ ಎಣ್ಣೆ ಹಚ್ಚಿದೆ?" ಎಂದು ಕೇಳದವರಿಲ್ಲ. ಯಾವ ಎಣ್ಣೆಯೂ ಅಲ್ಲ! ಕೈ ತಲೆಯ ಕಡೆ ಹೊರಟದ್ದನ್ನು ಮೊದಲು ಗಮನಿಸಲು ಕಲಿತೆ. ಗಮನಿಸಿದ ಕೂಡಲೇ ಮುಷ್ಟಿ ಕಟ್ಟಿ, ಆ ಸೆಳೆತ ಇಳಿಯುವವರೆಗೆ ಬಿಡದೆ ಹಿಡಿದುಕೊಳ್ಳಲು ಕಲಿತೆ. ಅಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಹ್ಯಾಬಿಟ್ ರಿವರ್ಸಲ್ ಎಂಬ ತರಬೇತಿಯ ತಿರುಳೇ ಇದು. ಹೇಳಲು ಎರಡು ಸಾಲು. ಮಾಡಿದವರಿಗೆ ಗೊತ್ತು, ಪರೀಕ್ಷೆಯ ಹಿಂದಿನ ರಾತ್ರಿ ಆ ಮುಷ್ಟಿ ಎಷ್ಟು ನೋಯುತ್ತದೆ ಎಂದು. ಆ ದುಡಿಮೆಯ ಶ್ರೇಯಸ್ಸನ್ನೆಲ್ಲ ಒಂದು ಬಾಟಲಿಗೆ ಕಟ್ಟಿದರೆ ನನಗೆ ಸಿಟ್ಟು ಬರುತ್ತದೆ, ಬರಲೇಬೇಕು.

ಮುಡಿ ಕೊಡುವುದು ಹರಕೆ, ಭಕ್ತಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂಬುದು ನಿಜವಲ್ಲ. ಕೂದಲು ಹುಟ್ಟುವುದು ಚರ್ಮದ ಒಳಗಿನ ಬುಡದಲ್ಲಿ. ಕತ್ತಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಬುಡಸಮೇತ ಕಿತ್ತ ಎಳೆಯ ಜಾಗದಲ್ಲಿ ಹೊಸದು ಕಾಣಿಸಿಕೊಳ್ಳಲು ವಾರಗಟ್ಟಲೆ ಕಾಯಬೇಕು, ಆಮೇಲೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹೆಗಲು ಮುಟ್ಟಬೇಕಾದರೆ ವರ್ಷಗಳು ಹಿಡಿಯುತ್ತವೆ. ಆ ಹುಡುಗಿಯ ತಲೆಯ ಮೇಲಿದ್ದ ಗೆಣ್ಣುದ್ದದ ಕೂದಲೆಂದರೆ ಅವಳು ತಿಂಗಳುಗಟ್ಟಲೆ ಗೆದ್ದ ಗೆಲುವು. ಅದನ್ನೇ ಬೋಳಿಸಿ ಎನ್ನುತ್ತಾರಲ್ಲ!

ಮರಳಿ ಬರುವ ಕೂದಲು ಹಳೆಯದರಂತೆಯೇ ಇರಬೇಕೆಂದೂ ಇಲ್ಲ. ನನ್ನದು ಒರಟಾಗಿ ಬಂತು, ನಡುವೆ ಕೆಲವು ಎಳೆ ಬೆಳ್ಳಗೆ. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಬುಡವೇ ಹಾಳಾಗಿ ಕೂದಲು ಬಾರದೆ ಉಳಿಯುವುದೂ ಉಂಟು. ನನ್ನ ನೆತ್ತಿಯಲ್ಲಿ ಅಂಥದೊಂದು ತೆಳುವಾದ ಜಾಗ ಈಗಲೂ ಇದೆ. ಆದರೂ ಸ್ನಾನವಾದ ಮೇಲೆ ಒದ್ದೆ ಕೂದಲಿನಲ್ಲಿ ಬಾಚಣಿಗೆ ಮೊದಲ ಬಾರಿ ಸಿಕ್ಕಿಕೊಂಡು ನಿಂತ ದಿನ ನಾನು ಕನ್ನಡಿಯ ಮುಂದೆ ಅತ್ತಿದ್ದೇನೆ, ಸಂತೋಷಕ್ಕೆ.

"ಹಿರಿಯರು ಪ್ರೀತಿಯಿಂದ ಹೇಳುತ್ತಾರೆ, ಅದಕ್ಕೇಕೆ ಇಷ್ಟು ಕೋಪ?" ಎಂದು ಅಕ್ಕ ಕೇಳಿದಳು. ಪ್ರೀತಿ ಇರಬಹುದು. ಆ ಪ್ರೀತಿ ನೆರೆದವರೆದುರು ಮಗುವಿನ ತಲೆಯನ್ನು ಹಿಡಿದು ತೋರಿಸಿದ ರಾತ್ರಿ ಅವಳ ಬೆರಳು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತು. ಅವಮಾನವಾದ ರಾತ್ರಿಗಳಲ್ಲಿಯೇ ನಾನು ಅತಿ ಹೆಚ್ಚು ಕಿತ್ತಿದ್ದು. ಆದ್ದರಿಂದ ಅಂಥ ಪ್ರೀತಿಯನ್ನು ನಾನು ಒಪ್ಪುವುದಿಲ್ಲ.

ರಾತ್ರಿ ಆ ತಾಯಿಗೆ ಫೋನ್ ಮಾಡಿದೆ. ಬೈಯಬೇಡಿ, ಕಾವಲು ಕಾಯಬೇಡಿ, ಕೂದಲು ಅಳೆಯಬೇಡಿ ಎಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಖರ್ಚಿಲ್ಲದೆ, ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್ ಇದೆ, ಜೊತೆಗೆ ನಾನು ಬರುತ್ತೇನೆ. ಹೊರಡುವ ದಿನ ತಲೆಗೆ ಸ್ಕಾರ್ಫ್ ಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಲಿ ಎಂದೆ.